ಹದಿನಾಲ್ಕು ಜನರ ಊರಿಗೆ ಅವ್ವನ್ನ ಕರ್ಕೊಂಡು ಹೋಗಿದ್ದು: ನಿಕೋಡೀಮಸ್ ವಿಸಿಟರ್ ಸೆಂಟರ್ ರಿವ್ಯೂ

ಪುಣೆಯಿಂದ ಮಕ್ಕಳ ಹತ್ರ, ಅಣ್ಣತಮ್ಮಂದಿರ ಹತ್ರ ಅಮೇರಿಕಾಕ್ಕೆ ಹೋಗಿಬರೋ ಕನ್ನಡದವರು ಈಗ ಭಾಳ ಇದ್ದಾರೆ, ನಿಗಡಿ ಆಕುರ್ಡಿ ಕಡೆನೇ ನನಗೆ ಗೊತ್ತಿರೋವು ಏಳೆಂಟು ಮನೆ. ಎಲ್ರೂ ನಯಾಗರಾ, ನ್ಯೂಯಾರ್ಕ್, ಲಾಸ್ ವೇಗಸ್ ಫೋಟೋ ಹಾಕ್ತಾರೆ, ಅವೆಲ್ಲ ನೋಡಬೇಕಾದವೇ. ನಾನು ಬರೀತಿರೋದು ಮಾತ್ರ ನಮ್ಮಲ್ಲಿ ಯಾರ ಲಿಸ್ಟಲ್ಲೂ ಇಲ್ಲದ ಜಾಗದ ಬಗ್ಗೆ, ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ ಗ್ರಹಾಂ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅಂತಿದೆ, ಅಲ್ಲಿ ಹೈವೇ 24ರ ಪಕ್ಕಕ್ಕೆ ನಿಕೋಡೀಮಸ್ ಅನ್ನೋ ಊರು, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನ ಕಟ್ಟಿದ್ದು. 2020ರ ಜನಗಣತಿ ಪ್ರಕಾರ ಅಲ್ಲಿ ವಾಸ ಮಾಡೋರು 14 ಜನ. ಅಮೇರಿಕಾದ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಅಲ್ಲೊಂದು ವಿಸಿಟರ್ ಸೆಂಟರ್ ನಡೆಸ್ತಾರೆ, ಟಿಕೆಟ್ ಇಲ್ಲ, ಪೂರ್ತಿ ಫ್ರೀ. 5ಕ್ಕೆ 4.5 ಕೊಡ್ತೀನಿ, ಆ ಅರ್ಧ ಯಾಕೆ ಕಟ್ ಮಾಡಿದೆ ಅಂತ ಮುಂದೆ ಹೇಳ್ತೀನಿ.

ನಾವು ಹೋಗಿದ್ದಕ್ಕೆ ಕಾರಣ ನಮ್ಮ ಅವ್ವ. ತಮ್ಮ ಡೆನ್ವರ್‌ನಲ್ಲಿದ್ದಾನೆ, ಅವ್ವನ್ನ ಕರ್ಕೊಂಡು ನಾನು ಹೋದ ವರ್ಷ ಅಲ್ಲಿ ಎರಡು ತಿಂಗಳಿದ್ದೆ. ಒಂದು ತಿಂಗಳಾದ ಮೇಲೆ ಅವ್ವ ಒಂದು ದಿನ ಚಹಾ ಕುಡೀತಾ ಕೇಳಿದ್ಲು, "ಅಲ್ಲೋ, ಈ ದೇಶದಾಗ ಹಳ್ಳಿ ಅನ್ನೋದ ಇಲ್ಲೇನು? ಎಲ್ಲಿ ನೋಡಿದ್ರೂ ಬರೇ ಅಂಗಡಿ, ಬರೇ ಕಾರು ನಿಲ್ಸೋ ಜಾಗ." ತಮ್ಮ ಎರಡು ದಿನ ಏನೇನೋ ಹುಡುಕಿ, "ಅಕ್ಕಾ, ಐದು ತಾಸು ಕಾರಲ್ಲಿ ಕೂರೋಕೆ ಅವ್ವನ ಕೈಲಿ ಆಗುತ್ತಾ" ಅಂದ. ಆಗುತ್ತೆ ಅಂದ್ವಿ.

ಡೆನ್ವರ್‌ನಿಂದ ಐ-70 ಹೈವೇ ಹಿಡಿದು ಪೂರ್ವಕ್ಕೆ ಹೋಗ್ತಾ ಇದ್ರೆ ಮೊದಲ ಒಂದು ತಾಸು ಆದ್ಮೇಲೆ ಬರೀ ಬಯಲು. ಅವ್ವ ನಿದ್ದೆ ಹೋಗಿದ್ಲು, ಕ್ಯಾನ್ಸಸ್ ಒಳಗೆ ಬಂದು ಸ್ವಲ್ಪ ದೂರ ಆದ್ಮೇಲೆ ಎಚ್ಚರಾಗಿ ಕಿಟಕಿಯಿಂದ ನೋಡ್ತಾ ಇದ್ದೋಳು ಒಮ್ಮೆಗೇ "ನಿಲ್ಸು, ನಿಲ್ಸು, ಜ್ವಾಳ ಅದಾವ" ಅಂದ್ಲು. ನಿಜವಾಗ್ಲೂ ಜೋಳ. ಸೆಪ್ಟೆಂಬರ್ ತಿಂಗಳು, ತೆನೆ ಕೆಂಪಾಗಿತ್ತು, ದಂಟು ಮಾತ್ರ ಸೊಂಟದಷ್ಟೂ ಎತ್ತರ ಇಲ್ಲ. ಅಮೇರಿಕಾದಲ್ಲಿ ಅತಿ ಹೆಚ್ಚು ಜೋಳ ಬೆಳೆಯೋ ರಾಜ್ಯ ಕ್ಯಾನ್ಸಸ್, ಆದ್ರೆ ಅವರು ಬೆಳೆಯೋದು ಹೆಚ್ಚಾಗಿ ದನಗಳ ಮೇವಿಗೆ, ಎಥನಾಲ್ ಮಾಡೋಕೆ. ಮಷೀನಲ್ಲಿ ಕೊಯ್ಯೋಕೆ ಅನುಕೂಲ ಆಗ್ಲಿ ಅಂತ ಗಿಡ್ಡ ತಳಿನೇ ಹಾಕ್ತಾರಂತೆ. ಅವ್ವ ಕೆಳಗಿಳಿದು ಒಂದು ತೆನೆ ಕೈಯಲ್ಲಿ ಹಿಡ್ಕೊಂಡು ನೋಡಿದ್ಲು, ಕೀಳಲಿಲ್ಲ. ರೊಟ್ಟಿ ಮಾಡಲ್ಲ ಅಂದಿದ್ದಕ್ಕೆ ಅವಳಿಗೆ ಭಾಳ ಬೇಜಾರಾಯ್ತು.

ಊರಿಗೆ ಬಂದಾಗ ನನಗೆ ಅನಿಸಿದ್ದು, ಇದೇನಾ ಅಂತ. ಒಂದು ಬೋರ್ಡು, ನಾಲ್ಕೈದು ಬೀದಿ, ದೂರ ದೂರಕ್ಕೆ ಮನೆಗಳು, ಹಳೇ ಚರ್ಚು, ಮಧ್ಯದಲ್ಲಿ ಸುಣ್ಣಕಲ್ಲಿನ ಗಟ್ಟಿ ಕಟ್ಟಡ. ಅದು ಟೌನ್‌ಶಿಪ್ ಹಾಲ್, 1939ರಲ್ಲಿ ಕಟ್ಟಿದ್ದು, ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಇಲ್ಲದೋರಿಗೆ ಸರ್ಕಾರ ಕೊಟ್ಟ ಯೋಜನೆಯ ಕೆಲಸ, ನಮ್ಮ ಬರಗಾಲದ ಕಾಮಗಾರಿ ಇದ್ದ ಹಾಗೆ. ನಾವು ಹೋದಾಗ ವಿಸಿಟರ್ ಸೆಂಟರ್ ಇದ್ದಿದ್ದು ಇದರೊಳಗೇ. ಒಳಗೆ ಹೋದ ಕೂಡ್ಲೇ ಟೋಪಿ ಹಾಕಿದ್ದ ರೇಂಜರ್ ಎದ್ದು ಬಂದು ಮೊದಲು ಅವ್ವನಿಗೆ ಕುರ್ಚಿ ಕೊಟ್ರು, ಆಮೇಲೆ ನೀರು, ಎಲ್ಲಿಂದ ಬಂದ್ರಿ ಅಂತ ಕೇಳಿದ್ದು ಅದಾದ ಮೇಲೆ. ಸರ್ವಿಸ್ ಅಂದ್ರೆ ಇದು. ಆ ಹೊತ್ತಿಗೆ ನಮ್ಮ ಬಿಟ್ಟು ಬೇರೆ ಯಾರೂ ಇರಲಿಲ್ಲ, ಹತ್ತತ್ರ ಎರಡು ತಾಸು ನಮ್ಮ ಜೊತೆಗೇ ಇದ್ರು, ಗಡಿಯಾರ ನೋಡಲಿಲ್ಲ. ತಮ್ಮ ಕನ್ನಡಕ್ಕೆ ಹೇಳ್ತಾ ಹೋದ, ಅವ್ವ ಕೇಳ್ತಾ ಹೋದ್ಲು, ನಾನು ಆವತ್ತು ರಾತ್ರಿ ಫೋನಲ್ಲಿ ಬರೆದಿಟ್ಕೊಂಡೆ.

ಕಥೆ ಇಷ್ಟು. ಅಮೇರಿಕಾದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಿದ್ದು 1865ರಲ್ಲಿ, ಕೆಂಟಕಿ ರಾಜ್ಯದ ಕರಿಯ ಜನಕ್ಕೆ ಬಿಡುಗಡೆ ಸಿಕ್ಕಿದ್ದೂ ಆ ವರ್ಷದ ಕೊನೆಗೇ. ಬಿಡುಗಡೆ ಸಿಕ್ತು, ಜಮೀನು ಸಿಗಲಿಲ್ಲ, ಹಳೇ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿಯೋದು, ಮೇಲಿಂದ ಹೊಡೆತ ಬಡಿತ ಬೆದರಿಕೆ. ಆ ಹೊತ್ತಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಅಂತ 1862ರದ್ದು ಇತ್ತು, ಪಶ್ಚಿಮದ ಕಡೆ ಹೋಗಿ 160 ಎಕರೆ ಹಿಡಿದು ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದ್ರೆ ಆ ಜಮೀನು ನಿಮ್ಮದು. 1877ರಲ್ಲಿ ಡಬ್ಲ್ಯೂ.ಆರ್. ಹಿಲ್ ಅನ್ನೋ ಬಿಳಿಯ, ಡಬ್ಲ್ಯೂ.ಎಚ್. ಸ್ಮಿತ್ ಅನ್ನೋ ಕರಿಯ ಪಾದ್ರಿ, ಇನ್ನೂ ಕೆಲವರು ಸೇರಿ ಹೊಸ ಊರು ಕಟ್ಟೋಕೆ ಒಂದು ಟೌನ್ ಕಂಪನಿ ಮಾಡಿದ್ರು, ಕೆಂಟಕಿಯ ಚರ್ಚುಗಳಲ್ಲಿ ಕರಪತ್ರ ಹಂಚಿ ಭೂಮಿ ಭಾಳ ಚೆನ್ನಾಗಿದೆ ಬರ್ರಿ ಅಂದ್ರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸುಮಾರು 300 ಜನರ ದೊಡ್ಡ ಗುಂಪು ಹೊರಟು ಬಂತು. ರೈಲಲ್ಲಿ ಬಂದಿದ್ದು ಎಲ್ಲಿಸ್ ಅನ್ನೋ ಊರಿನ ತನಕ, ಅಲ್ಲಿಂದ ಸುಮಾರು 55 ಕಿಲೋಮೀಟರ್ ನಡಿಗೆ, ಮಕ್ಕಳು ಮುದುಕರು ಗಂಟುಮೂಟೆ ಎಲ್ಲಾ ಸಮೇತ. ಇದನ್ನ ಕೇಳಿ ಅವ್ವ, "ಎರಡ ದಿನದ ಹಾದಿ" ಅಂತ ತಟ್ಟನೆ ಹೇಳಿದ್ಲು. ನಮ್ಮಪ್ಪ ಯುಗಾದಿಗೆ ಶ್ರೀಶೈಲಕ್ಕೆ ನಡ್ಕೊಂಡು ಹೋಗ್ತಿದ್ರು, ಆ ಲೆಕ್ಕ ಅವಳಿಗೆ ಬಾಯಿಪಾಠ. ರೇಂಜರ್ ಕೂಡ ಅದನ್ನೇ ಹೇಳಿದ್ರು, ಎರಡು ದಿನ.

ನಡೆದು ಬಂದೋರಿಗೆ ಇಲ್ಲಿ ಮರ ಇಲ್ಲ, ಮನೆ ಇಲ್ಲ, ಚಳಿಗಾಲ ಬಾಗಿಲಲ್ಲಿ. ಕೆಲವರು ಮರುದಿನವೇ ವಾಪಸ್ ಹೊರಟ್ರು, ಹಿಲ್ ಮೇಲೆ ಎಷ್ಟು ಸಿಟ್ಟು ಬಂತು ಅಂದ್ರೆ ಅವನು ತಪ್ಪಿಸ್ಕೊಂಡು ಓಡಬೇಕಾಯ್ತು ಅಂತ ಹೇಳ್ತಾರೆ. ಉಳಿದೋರು ದಿಬ್ಬದ ಪಕ್ಕ ನೆಲ ಅಗೆದು, ಬೇರು ಸಮೇತ ಕತ್ತರಿಸಿದ ಹುಲ್ಲಿನ ಹೆಂಟೆ ಮುಂದೆ ಪೇರಿಸಿ, ನೆಲದೊಳಗೇ ಮನೆ ಮಾಡ್ಕೊಂಡ್ರು. 1878ರ ವಸಂತದಲ್ಲಿ ಇನ್ನೊಂದು ಗುಂಪಿನ ಜೊತೆ ಬಂದ ವಿಲಿಯಾನಾ ಹಿಕ್ಮನ್ ಅನ್ನೋ ಹೆಂಗಸು ಮುಂದೆ ವಯಸ್ಸಾದ ಮೇಲೆ ಹೇಳ್ಕೊಂಡಿದ್ದು ಅಲ್ಲಿ ಎಲ್ಲರಿಗೂ ಗೊತ್ತು. ಜೊತೆಗಿದ್ದೋರು ಅಗೋ ನಿಕೋಡೀಮಸ್ ಅಂತ ಕೂಗಿದಾಗ ಇವಳು ಎಷ್ಟು ಕಣ್ಣಗಲಿಸಿದ್ರೂ ಊರು ಕಾಣಲಿಲ್ಲ, ಗಂಡ ಕೈ ಮಾಡಿ ತೋರಿಸಿದ, ನೆಲದಿಂದ ಹೊಗೆ ಏಳ್ತಾ ಇತ್ತು, ಆ ಹೊಗೆನೇ ಊರು. ಅವಳು ಅಲ್ಲೇ ನಿಂತು ಅಳೋಕೆ ಶುರು ಮಾಡಿದ್ಲಂತೆ.

ತಮ್ಮ ಇದನ್ನ ಹೇಳಿ ಮುಗಿಸೋದ್ರೊಳಗೆ ಅವ್ವ, "ಹಗೇವು" ಅಂದ್ಲು. ಬಾಗಲಕೋಟೆ ವಿಜಯಪುರ ಕಡೆಯೋರಿಗೆ ಗೊತ್ತಿರುತ್ತೆ, ಜೋಳ ಇಡೋಕೆ ನೆಲದಲ್ಲಿ ತೋಡೋ ಗುಂಡಿ. "ನಾವು ಜ್ವಾಳ ಇಡ್ತಿದ್ವಿ, ಇವ್ರು ಮಕ್ಕಳನ್ನ ಕಟ್ಕೊಂಡು ಅದರಾಗ ಇದ್ರಂತ. ಗಾಳಿ ಹೆಂಗ ಆಡ್ತಿತ್ತು ಕೇಳು." ಹಗೇವು ತೆಗೆದ ಕೂಡ್ಲೇ ಒಳಗಿಳಿದ್ರೆ ಉಸಿರು ಕಟ್ಟಿ ಸಾಯ್ತಾರೆ, ಅದಕ್ಕೇ ಅವಳ ಆ ಪ್ರಶ್ನೆ. ಮುಂದೆ ಬಾಗಿಲು, ಒಲೆ ಹೊಗೆ ಹೋಗೋಕೆ ಮೇಲೆ ದಾರಿ ಇರ್ತಿತ್ತು ಅಂತ ರೇಂಜರ್ ವಿವರಿಸಿ, ಹಗೇವು ಅಂದ್ರೇನು ಅಂತ ತಿರುಗಿ ಅವ್ವನ್ನೇ ಕೇಳಿದ್ರು. ಎಷ್ಟು ಆಳ, ಬಾಯಿ ಎಷ್ಟು ಅಗಲ, ಒಳಗೆ ಹುಲ್ಲು ಹೆಂಗೆ ಹಾಸ್ತಾರೆ, ಎಲ್ಲಾ. ಅವ್ವ ಕೈಯಲ್ಲಿ ಅಳತೆ ತೋರಿಸ್ತಾ ಹೇಳಿದ್ಲು. ಡೆನ್ವರ್‌ಗೆ ಬಂದಮೇಲೆ ಅವಳು ಹೊರಗಿನವರ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ವಾಪಸ್ ಹೋಗ್ತಿದ್ದ ಓಸೇಜ್ ಬುಡಕಟ್ಟಿನವರು ಇವರಿಗೆ ಮಾಂಸ ಹಂಚಿಕೊಟ್ಟು ಹೋದ್ರು ಅಂತ ಊರೋರು ಇವತ್ತಿಗೂ ನೆನೀತಾರೆ. ಆಮೇಲೆ ಆ ನೆಲದ ಗೂಡುಗಳಿಂದ ಊರು ಮೇಲೆದ್ದಿದ್ದು ಹೆಂಗೆ ಅಂತ ಪ್ರದರ್ಶನದಲ್ಲಿ ತೋರಿಸ್ತಾರೆ. ಜಾಕರಿ ಫ್ಲೆಚರ್ ಅನ್ನೋರು ಮೊದಲ ಪೋಸ್ಟ್‌ಮಾಸ್ಟರ್, ಹೋಟೆಲೂ ನಡೆಸಿದ್ರು, ಅವರ ಹೆಂಡತಿ ಜೆನ್ನಿ ಮೊದಲ ಟೀಚರ್. ಎಡ್ವರ್ಡ್ ಮೆಕೇಬ್ ಅನ್ನೋರು 1878ರಲ್ಲಿ ಈ ಊರಿಗೆ ಬಂದು 1882ರಲ್ಲಿ ಇಡೀ ಕ್ಯಾನ್ಸಸ್ ರಾಜ್ಯದ ಆಡಿಟರ್ ಆಗಿ ಆರಿಸಿಬಂದ್ರು, ಆ ರಾಜ್ಯದಲ್ಲಿ ಅಂಥ ಹುದ್ದೆಗೆ ಗೆದ್ದ ಮೊದಲ ಕರಿಯ ಮನುಷ್ಯ. ಬಿಡುಗಡೆ ಸಿಕ್ಕು ಬರೀ 17 ವರ್ಷ ಆಗಿತ್ತು, ನೆನಪಿಟ್ಕೊಳ್ರಿ. 1880ರ ದಶಕದ ಮಧ್ಯಕ್ಕೆ ಎರಡು ಪತ್ರಿಕೆ, ಬ್ಯಾಂಕು, ಚರ್ಚುಗಳು, ದಿನಸಿ ಅಂಗಡಿಗಳು, ಸಾಹಿತ್ಯ ಸಂಘ, ಐಸ್‌ಕ್ರೀಂ ಅಂಗಡಿ, ಬೇಸ್‌ಬಾಲ್ ಟೀಮು ಎಲ್ಲಾ ಆಗಿತ್ತು. ಆ ಬಯಲಲ್ಲಿ ಬಂದು ಹತ್ತು ವರ್ಷದೊಳಗೇ ಸಾಹಿತ್ಯ ಸಂಘ ಕಟ್ಟಿದ್ರು ಅನ್ನೋದನ್ನ ಓದಿ ನನಗೆ ಕಣ್ಣಲ್ಲಿ ನೀರು ಬಂತು, ಪುಣೆಗೆ ದುಡಿಯೋಕೆ ಬಂದ ನಮ್ಮ ಹಿರಿಯರು ಪಗಾರದಲ್ಲಿ ಇಷ್ಟಿಷ್ಟು ಎತ್ತಿಟ್ಟು ಕನ್ನಡ ಸಂಘ, ಕನ್ನಡ ಶಾಲೆ ಅಂತ ಓಡಾಡಿದ್ದು ನೆನಪಾಯ್ತು.

ಊರು ಕುಸಿದಿದ್ದು ರೈಲಿನಿಂದ. ರೈಲು ಬರಲಿ ಅಂತ 1887ರಲ್ಲಿ ಊರವರೇ ವೋಟು ಹಾಕಿ 16,000 ಡಾಲರ್ ಬಾಂಡ್ (ಸಾಲಪತ್ರ) ಕೊಡೋಕೆ ಒಪ್ಪಿದ್ರು, ಆ ರೈಲು ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್‌ನವರು ಹಳಿ ಹಾಕಿದ್ದು ಸಾಲೊಮನ್ ನದಿಯ ಆಚೆ ದಂಡೇಲಿ. ಅಲ್ಲಿ ಹಳಿ ಹಾಕೋರ ಕ್ಯಾಂಪ್ ಇದ್ದ ಜಾಗ ಬೋಗ್ ಅನ್ನೋ ಊರಾಯ್ತು, ನಿಕೋಡೀಮಸ್‌ನ ವ್ಯಾಪಾರಸ್ಥರು ಒಬ್ಬೊಬ್ಬರಾಗಿ ಅಂಗಡಿ ಎತ್ಕೊಂಡು ಅಲ್ಲಿಗೆ ಹೋದ್ರು. ಕರಪತ್ರ ಹಂಚಿದ ಹಿಲ್ ಇದ್ದನಲ್ಲ, ಅವನ ಹೆಸರಿನ ಹಿಲ್ ಸಿಟಿ ಇವತ್ತು ಆ ಕೌಂಟಿಯ ಕೇಂದ್ರ. ಆಮೇಲೆ 1930ರ ದಶಕದ ಬರ, ಧೂಳಿನ ಬಿರುಗಾಳಿ, ಜನ ಕೆಲಸ ಹುಡುಕ್ಕೊಂಡು ಪಟ್ಟಣಗಳಿಗೆ ಹೋದ್ರು, 1953ರಲ್ಲಿ ಪೋಸ್ಟ್ ಆಫೀಸು ಮುಚ್ಚಿತು. ಅಷ್ಟಾದ್ರೂ ಈ ಊರಲ್ಲಿ 1932ರಲ್ಲಿ ಹುಟ್ಟಿದ ವೆರಿಲ್ ಸ್ವಿಟ್ಜರ್ ಅನ್ನೋರು 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಸೇರಿ ಅಮೇರಿಕನ್ ಫುಟ್‌ಬಾಲ್ ಆಡಿದ್ರು, ನಮ್ಮ ತಮ್ಮನಿಗೆ ಆ ಹೆಸರು ಮೊದಲೇ ಗೊತ್ತಿತ್ತು, ಈ ಊರಿನವರು ಅಂತ ಗೊತ್ತಿರಲಿಲ್ಲ. 1996ರಲ್ಲಿ ಊರನ್ನ ರಾಷ್ಟ್ರೀಯ ಐತಿಹಾಸಿಕ ಸ್ಥಳ ಅಂತ ಘೋಷಿಸಿದ್ರು. ಒಟ್ಟು ಐದು ಹಳೇ ಕಟ್ಟಡ ಅದಕ್ಕೆ ಸೇರಿವೆ: ಈ ಟೌನ್‌ಶಿಪ್ ಹಾಲ್, ಎರಡು ಚರ್ಚು, ಫ್ಲೆಚರ್ ಅವರ ಹೋಟೆಲು, 1918ರ ಶಾಲೆ.

ಹೆಸರಿನ ಬಗ್ಗೆ ಎರಡು ಮಾತಿದೆ, ಬೈಬಲ್‌ನ ನಿಕೊದೇಮನ ಹೆಸರು ಅಂತ ಕೆಲವರು, ದುಡಿದು ತನ್ನ ಬಿಡುಗಡೆಯನ್ನ ತಾನೇ ಕೊಂಡ್ಕೊಂಡ ಒಬ್ಬ ಗುಲಾಮನ ಹೆಸರು ಅಂತ ಇನ್ನು ಕೆಲವರು. ನನಗೆ ಎರಡನೇದೇ ಇಷ್ಟ.

ಹೊರಗೆ ಬೀದಿ ಸುತ್ತೋಕೆ ಒಂದು ನಕ್ಷೆ ಕೊಡ್ತಾರೆ. ಆ ಹಾಳೆ ಹಿಡ್ಕೊಂಡು ಹೋಗ್ತಿದ್ದಾಗ ಒಬ್ಬ ಅಜ್ಜಿ ತಮ್ಮ ಮನೆ ಮುಂದೆ ಗಿಡಕ್ಕೆ ನೀರು ಹಾಕ್ತಿದ್ರು, ನಮ್ಮವ್ವನ ವಯಸ್ಸೇ ಇರಬಹುದು. ಮಾತಾಡಿಸಿದ್ವಿ. ಮೊದಲು ನಡ್ಕೊಂಡು ಬಂದ ಗುಂಪಿನಲ್ಲಿ ಅವರ ಮುತ್ತಜ್ಜ ಇದ್ರಂತೆ. ನಾನು ಏನೇನೋ ಕೇಳಬೇಕು ಅಂದ್ಕೊಂಡಿದ್ದೆ, ಅಷ್ಟರಲ್ಲಿ ಅವ್ವ ತಮ್ಮನ ಕೈ ಜಗ್ಗಿ, "ಇವರೂರ ಜಾತ್ರಿ ಯಾವಾಗ ಕೇಳು" ಅಂದ್ಲು. ಜಾತ್ರೆಗೆ ಇಂಗ್ಲಿಷಲ್ಲಿ ಏನಂತ ಹೇಳೋದು ಅಂತ ತಮ್ಮ ಒಂದು ಕ್ಷಣ ನಿಂತ, ಆಮೇಲೆ ಎಲ್ಲಾ ಕಡೆ ಹೋದೋರು ವರ್ಷಕ್ಕೊಮ್ಮೆ ಊರಿಗೆ ಬರೋ ದಿನ ಯಾವುದು ಅಂತ ಕೇಳಿದ. ಆ ಅಜ್ಜಿ ಮುಖ ಅರಳಿತು. ಜುಲೈ ಕೊನೇ ಶನಿವಾರ ಭಾನುವಾರ, ಹೋಮ್‌ಕಮಿಂಗ್ ಅಂತಾರೆ. 1878ರಿಂದ ನಡ್ಕೊಂಡು ಬಂದಿರೋದು. ಮೊದಲು ಆಗಸ್ಟ್ 1ರ ಆಸುಪಾಸು ಮಾಡ್ತಿದ್ರಂತೆ, ಬ್ರಿಟಿಷರ ಕೈಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾದ ದಿನ ಅದು. ಈಗ ಡೆನ್ವರ್, ಕ್ಯಾಲಿಫೋರ್ನಿಯಾ ಎಲ್ಲೆಲ್ಲಿಂದಲೋ ಮಕ್ಕಳು ಮೊಮ್ಮಕ್ಕಳು ಬರ್ತಾರೆ, ಮೆರವಣಿಗೆ, ಊಟ, ಚರ್ಚು, ರಸ್ತೇಲಿ ಕಾರು ನಿಲ್ಸೋಕೆ ಜಾಗ ಇರಲ್ಲ. ಅವ್ವ ಕೇಳಿಸ್ಕೊಂಡು, "ಹಂಗಾರ ಊರು ಐತಿ ಬಿಡು" ಅಂದ್ಲು.

ಅವಳು ಹಾಗಂದಿದ್ದು ಯಾಕೆ ಅಂತ ಹೇಳ್ಬೇಕು. ನಮ್ಮೂರು ಬೀಳಗಿ ತಾಲೂಕಿನದು, ಕೃಷ್ಣಾ ದಂಡೇದು, ಈಗ ಆಲಮಟ್ಟಿ ಹಿನ್ನೀರಲ್ಲಿದೆ. 1964ರಲ್ಲಿ ಡ್ಯಾಮಿಗೆ ಅಡಿಗಲ್ಲು ಹಾಕಿದ್ರು, ಅವ್ವ ಮದುವೆಯಾಗಿ ಆ ಊರಿಗೆ ಬಂದಾಗಲೇ ಇವತ್ತಲ್ಲ ನಾಳೆ ಮುಳುಗ್ತದೆ ಅಂತ ಹೇಳ್ತಿದ್ರಂತೆ. ಅಪ್ಪ ಪಿಂಪ್ರಿ ಕಾರ್ಖಾನೆಗೆ ಬಂದ್ರು, ಹಿಂದೆ ಹಿಂದೆ ಇನ್ನೂ ಹತ್ತು ಮನೆಯವರು ಬಂದ್ರು. ಪುನರ್ವಸತಿ ಕೇಂದ್ರದಲ್ಲಿ ಹೊಸ ಊರಿದೆ, ಹನುಮಪ್ಪನ್ನ ಅಲ್ಲಿಗೆ ತಂದಿಟ್ಟಿದ್ದಾರೆ, ಬೇಸಿಗೇಲಿ ಓಕಳಿ ಆಗುತ್ತೆ, ಆಗ ಪುಣೆಯಿಂದ, ಮುಂಬೈಯಿಂದ, ಗೋವಾಕ್ಕೆ ದುಡಿಯೋಕೆ ಹೋದೋರು ಅಲ್ಲಿಂದ, ಎಲ್ಲಾ ಬರ್ತಾರೆ. ನೀರು ಕಮ್ಮಿಯಾದ ವರ್ಷ ಹಳೇ ಊರಿನ ಅಡಿಪಾಯದ ಕಲ್ಲು ಕಾಣುತ್ತೆ, ಮುದುಕರು ಅಲ್ಲಿ ತನಕ ನಡ್ಕೊಂಡು ಹೋಗಿ ಇದು ನಮ್ಮ ಪಡಸಾಲಿ, ಇದು ದನದ ಹಕ್ಕಿ (ಕೊಟ್ಟಿಗೆ) ಅಂತ ನಿಂತು ಬರ್ತಾರೆ. ಅವ್ವ ಹೋದ್ರೆ ಅರ್ಧ ದಿನ ಅಲ್ಲೇ.

ಈಗ ಆ ಅರ್ಧ ಮಾರ್ಕ್. ಹೊರಗಿನ ಸುತ್ತಾಟಕ್ಕೆ ನೆರಳಿಲ್ಲ, ಕೂರೋಕೆ ಜಾಗ ಕಮ್ಮಿ, ಮಂಡಿನೋವಿನವರಿಗೆ ಕಷ್ಟ, ನಾವು ಕಾರಲ್ಲೇ ಕಟ್ಟಡದಿಂದ ಕಟ್ಟಡಕ್ಕೆ ಹೋದ್ವಿ. ಎಲ್ಲಾ ಕಟ್ಟಡದ ಒಳಗೆ ಬಿಡಲ್ಲ, ಕೆಲವು ಖಾಸಗಿಯವರದ್ದು, ಹೊರಗಿಂದ ನೋಡಬೇಕು, ಅದು ನ್ಯಾಯವೇ, ಆದ್ರೂ ಶಾಲೆ ಒಳಗೆ ನೋಡಬೇಕು ಅಂತ ನನಗೆ ಆಸೆ ಇತ್ತು. ನೆಲದೊಳಗಿನ ಮನೆ ಒಂದಾದ್ರೂ ಮಾದರಿಗೆ ಕಟ್ಟಿ ತೋರಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅಕ್ಷರದಲ್ಲಿ ಓದೋದಕ್ಕೂ ಒಳಗೆ ಬಗ್ಗಿ ನೋಡೋದಕ್ಕೂ ಭಾಳ ಫರಕ್ ಇದೆ. ನಾವು ಹೋದಾಗ ಊರಲ್ಲಿ ತಿನ್ನೋಕೆ ಏನೂ ಸಿಗಲಿಲ್ಲ, ರೊಟ್ಟಿ ಶೇಂಗಾ ಚಟ್ನಿ ತಗೊಂಡು ಹೋಗಿದ್ವಿ, ಜೋಳದ ಹೊಲ ಎದುರಿಗಿಟ್ಕೊಂಡು ಜೋಳದ ರೊಟ್ಟಿ ತಿಂದ್ವಿ. ಪೆಟ್ರೋಲ್ ಹಿಲ್ ಸಿಟೀಲೇ ಹಾಕಿಸ್ಕೊಳ್ರಿ. ಸೆಂಟರ್ ತೆರೆಯೋ ದಿನ, ಟೈಮು ಬದಲಾಗ್ತಿರುತ್ತೆ, ಹೊರಡೋ ಮುಂಚೆ ಫೋನ್ ಮಾಡಿ ಕೇಳಿ. ರಾತ್ರಿ ಉಳ್ಕೊಂಡಿದ್ದು ಹತ್ತಿರದ ಪಟ್ಟಣದ ಒಂದು ಮೋಟೆಲ್, ಕೆಳಗಿನ ರೂಮು ಬೇಕು ಅಂತ ಬುಕ್ ಮಾಡಿದ್ರೂ ಮೇಲಿಂದೇ ಕೊಟ್ರು, ಲಿಫ್ಟ್ ಇಲ್ಲ, ಅವ್ವನ್ನ ಇಬ್ಬರು ಹಿಡಿದು ಹತ್ತಿಸಬೇಕಾಯ್ತು. ವಯಸ್ಸಾದೋರು ಜೊತೆಗಿದ್ರೆ ಇದನ್ನ ಎರಡು ಸಲ ಖಾತ್ರಿ ಮಾಡ್ಕೊಳ್ರಿ.

ಮಕ್ಕಳಿದ್ರೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಇಸ್ಕೊಳ್ರಿ. ತಮ್ಮನ ಮಗಳು, ಒಂಬತ್ತು ವರ್ಷ, ಎಲ್ಲಾ ಪುಟ ತುಂಬಿ, ಕೈ ಎತ್ತಿ ಪ್ರಮಾಣ ಮಾಡಿ ಬ್ಯಾಡ್ಜ್ ತಗೊಂಡ್ಲು. ವಾಪಸ್ ಬರ್ತಾ ಕಾರಲ್ಲಿ ಅವ್ವನಿಗೆ, "ಅಜ್ಜಿ, ನಮ್ಮೂರಿಗೆ ಮ್ಯಾಪ್ ಇದೆಯಾ" ಅಂದ್ಲು. ಇಲ್ಲ ಅಂತ ಹೇಳೋಕೆ ಅವ್ವನಿಗೆ ಮನಸ್ಸಾಗಲಿಲ್ಲ, "ಮಾಡೋಣು" ಅಂದ್ಲು.

ಅದಕ್ಕೆ ಪುಣೆಗೆ ಬಂದು ಎರಡನೇ ಭಾನುವಾರ ನಿಗಡಿಯ ನಮ್ಮ ಮನೇಲಿ ನಮ್ಮೂರಿನ ಹನ್ನೊಂದೂ ಮನೆಯವರನ್ನ ಕರೆದು, ನಿಕೋಡೀಮಸ್‌ನ ಆ ಬೀದಿ ನಕ್ಷೆ ಟಿವಿ ಮೇಲೆ ಹಾಕಿ ತೋರಿಸಿದೆ, ಕೆಳಗೆ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಶೀಟ್ ಹಾಸಿದ್ವಿ. ಅವ್ವ ನಡುವೆ ಹನುಮಪ್ಪನ ಗುಡಿ ಗುರುತು ಹಾಕಿಸಿದ್ಲು, ಅಲ್ಲಿಂದ ಓಣಿ ಓಣಿ ಹಿಡಿದು ಯಾರ ಮನೆ ಎಲ್ಲಿ, ಯಾರ ಹಗೇವು ಎಲ್ಲಿ, ಪೆನ್ಸಿಲಲ್ಲಿ. ಮೊದಲ ದಿನಕ್ಕೆ 38 ಮನೆ ಆದ್ವು. ಈಗ 61. ಹೊಳಿ ಕಡೆ ಓಣೀಲಿ ಬಡಿಗ್ಯಾರ ಮನೆ ಪಕ್ಕ ಯಾರಿದ್ರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ಓಕಳಿಗೆ ಹೋದಾಗ ಶೀಟು ಸುತ್ಕೊಂಡು ಹೋಗ್ತೀವಿ, ಮುಂಬೈ ಗೋವಾ ಕಡೆ ಇರೋ ನಮ್ಮೂರವರು ಇದನ್ನ ಓದ್ತಿದ್ರೆ ನಿಮ್ಮ ಮನೆ ಹಿರಿಯರನ್ನ ಈಗಲೇ ಒಂದ್ಸಲ ಕೇಳಿಡ್ರಿ.